ಗುಲಾಬಿಯ ಬುಡದ ಮರಿಯನ್ನು ಕಿತ್ತೆಸೆಯುವ ಮುನ್ನ

ಸಂಪಾದಕರಿಗೆ ನಮಸ್ಕಾರ.

ಕಳೆದ ರವಿವಾರದ ನಿಮ್ಮ ಪುರವಣಿಯಲ್ಲಿ ಕೈತೋಟದ ಬಗ್ಗೆ ಬಂದ ಬರಹದಲ್ಲಿ ಒಂದು ಮಾತಿತ್ತು. ಗುಲಾಬಿಯ ಬುಡದಲ್ಲಿ ನೆಲದೊಳಗಿಂದ ಏಳುವ ಕುಡಿಗಳು ಗಿಡದ ಸತ್ವವನ್ನೆಲ್ಲ ಹೀರಿಬಿಡುತ್ತವೆ, ಅವನ್ನು ಕಂಡ ಕೂಡಲೇ ಕಿತ್ತೆಸೆಯಬೇಕು ಎಂದು. ಸೋಮವಾರ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಲು ಹೊರಬಂದಾಗ ಪಕ್ಕದ ಮನೆಯ ಹುಡುಗಿ ಅದೇ ಪುಟವನ್ನು ಮಡಚಿ ಕಟ್ಟೆಯ ಮೇಲೆ ಇಟ್ಟುಕೊಂಡು ತನ್ನ ಗುಲಾಬಿಯ ಬುಡವನ್ನು ಕುರ್ಪಿಯಿಂದ ಕೆದರುತ್ತಿದ್ದಳು. ಐದು ಮರಿಗಳು ಆಗಲೇ ಕಂಪೌಂಡ್ ಗೋಡೆಯಾಚೆ ಬಿಸಿಲಿಗೆ ಬಿದ್ದಿದ್ದವು. "ಪೇಪರಿನಲ್ಲಿ ಬಂದಿದೆ, ಟೀಚರ್" ಎಂದಳು. ಆಕೆಯದೇನೂ ತಪ್ಪಿಲ್ಲ. ಪತ್ರಿಕೆಯಲ್ಲಿ ಬಂದದ್ದನ್ನು ನಂಬಬೇಕು ಎಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನೇ.

ಗೋಡೆಯಾಚೆ ಹೋಗಿ ಐದನ್ನೂ ಆರಿಸಿಕೊಂಡು ಬಂದೆ. ಮೂರಕ್ಕೆ ಬೇರೇ ಇರಲಿಲ್ಲ, ಬುಡದಲ್ಲಿ ತಾಯಿಬೇರಿನ ಸಿಪ್ಪೆ ಹರಿದುಕೊಂಡು ಬಂದಿತ್ತಷ್ಟೆ. ಉಳಿದ ಎರಡಕ್ಕೆ ಬೆರಳುದ್ದದ ಬೆಳ್ಳನೆಯ ಬಳ್ಳಿಬೇರಿತ್ತು. ಅದರ ಮೈಮೇಲೆ ಕೂದಲೆಳೆಯಂಥ ಮರಿಬೇರುಗಳು, ಆ ಎಳೆಗಳ ತುದಿಯಲ್ಲಿ ಜೋಳದ ಕಾಳಿನಷ್ಟು ದಪ್ಪದ ಮಣ್ಣಿನ ಹರಳುಗಳು ಬಿಡದೆ ಅಂಟಿಕೊಂಡಿದ್ದವು. ಎರಡನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ ಬಚ್ಚಲ ಹಿಂದಿನ ನೆರಳಿಗೆ ಇಟ್ಟೆ. ಆ ಗಿಡವನ್ನು ಆ ಮನೆಗೆ ಆರು ವರ್ಷದ ಹಿಂದೆ ನಾನೇ ಕೊಟ್ಟದ್ದು. ಅದೂ ನನ್ನ ಅಂಗಳದಿಂದ ಮರಿಯಾಗಿಯೇ ಹೋದದ್ದು.

ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳಿದ್ದು ಕಸಿ ಗುಲಾಬಿಗೆ ಪೂರ್ತಿ ಸರಿ. ಆದರೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಹಳೆಯ ಹಿತ್ತಿಲುಗಳಲ್ಲಿ ಜವಾರಿ, ಅಂದರೆ ನಾಟಿ ಗುಲಾಬಿ ಎಂಬುದೊಂದು ಇನ್ನೂ ಉಳಿದಿದೆ. ಅದರ ವಂಶ ಮುಂದುವರಿಯುವುದೇ ಈ ಮರಿಗಳಿಂದ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ ಎಷ್ಟು ಮನೆಗಳಲ್ಲಿ ಎಷ್ಟು ಮರಿಗಳು ಗೋಡೆಯಾಚೆ ಬಿದ್ದವೋ ಎಂದು ನನಗೆ ಸಂಕಟವಾಗಿದೆ. ಅದಕ್ಕಾಗಿ ಈ ಪತ್ರ. ಉದ್ದವಾದರೆ ಕ್ಷಮಿಸಿ, ಆದರೆ ದಯವಿಟ್ಟು ಕತ್ತರಿಸಬೇಡಿ.

ಮೊದಲು ಕಸಿಯ ಮಾತು. ನರ್ಸರಿಯಿಂದ ನಾವು ಕುಂಡದಲ್ಲಿ ತರುವ ದೊಡ್ಡ ಹೂವಿನ ಗುಲಾಬಿ ಬಹುಮಟ್ಟಿಗೆ ಎರಡು ಗಿಡ ಕೂಡಿ ಆದದ್ದು. ಕೆಳಗಿರುವುದು ಗಟ್ಟಿ ಬೇರಿನ ಕಾಡುಗುಲಾಬಿ. ಅದರ ಕಾಂಡದ ಸಿಪ್ಪೆಯನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಸೀಳಿ, ಒಳ್ಳೆಯ ತಳಿಯ ಒಂದೇ ಒಂದು ಕಣ್ಣನ್ನು, ಅಂದರೆ ಚಿಗುರು ಒಡೆಯುವ ಮೊಗ್ಗನ್ನು, ಅದರೊಳಗೆ ಕೂರಿಸಿ, ಪಟ್ಟಿ ಸುತ್ತಿ ಬಿಡುತ್ತಾರೆ. ಕಣ್ಣು ಹತ್ತಿಕೊಂಡ ಮೇಲೆ ಮೇಲಿನ ಕಾಡು ಭಾಗವನ್ನು ಕತ್ತರಿಸುತ್ತಾರೆ. ಹೂವು ಕೊಡುವುದು ಆ ಕಣ್ಣಿನಿಂದ ಬೆಳೆದ ಭಾಗ, ನೀರು ಎಳೆಯುವುದು ಕಾಡುಬೇರು. ಕಾಂಡದ ಬುಡದಲ್ಲಿ ಮುಷ್ಟಿ ಮಡಚಿದಂತೆ ಕಾಣುವ ಗಂಟೇ ಇವೆರಡೂ ಕೂಡಿದ ಜಾಗ. ಗಂಟಿನ ಮೇಲಿಂದ ಹೊರಟ ದಪ್ಪ ಕುಡಿ ನಮಗೆ ಬೇಕಾದ ಹೂವಿನದೇ, ಅದನ್ನು ಮುಟ್ಟಬಾರದು. ಗಂಟಿನ ಕೆಳಗಿನಿಂದ ಅಥವಾ ಬೇರಿನಿಂದ ಎದ್ದರೆ ಅದು ಕಾಡುಗುಲಾಬಿಯ ಮರಿ. ಅದನ್ನು ಉಳಿಸಿಕೊಂಡು ಬೇರೆ ಕಡೆ ನೆಟ್ಟರೆ ಕಾಡುಗುಲಾಬಿಯೇ ಬರುತ್ತದೆ.

ವಿಜಯಪುರದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇದು ಹೀಗೆಯೇ ಆಯಿತು. ಗ್ಲಾಡಿಯೇಟರ್ ಎಂಬ ಕಡುಗೆಂಪು ಗುಲಾಬಿಯನ್ನು ಆಸೆಪಟ್ಟು ತಂದು ನೆಟ್ಟಿದ್ದಳು. ಮೂರನೆಯ ವರ್ಷಕ್ಕೆ ಗಿಡ ತುಂಬ ಬೆರಳ ಉಗುರಿನಷ್ಟು ಬಿಳಿಯ ಹೂವುಗಳ ಗೊಂಚಲು. ಮನೆಯವರೆಲ್ಲ ಗಿಡ ಬಣ್ಣ ಬದಲಿಸಿತು, ಯಾರದೋ ಕಣ್ಣು ತಾಗಿತು ಎಂದರು. ನಾನು ಹೋಗಿ ಮಣ್ಣು ಸರಿಸಿ ನೋಡಿದರೆ ಕೆಂಪು ಹೂವಿನ ಕಾಂಡ ಗಂಟಿನ ಮೇಲೆ ಒಣಗಿ ಹೋಗಿತ್ತು. ಕೆಳಗಿನಿಂದ ಎದ್ದ ಮರಿಗಳು ಆ ಜಾಗ ಹಿಡಿದಿದ್ದವು. ಇಂಥ ಮರಿಗಳನ್ನು ನೆಲದ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿದರೆ ಬುಡದಲ್ಲಿ ಉಳಿದ ಮೊಗ್ಗುಗಳಿಂದ ಒಂದರ ಜಾಗದಲ್ಲಿ ನಾಲ್ಕು ಏಳುತ್ತವೆ. ಮಣ್ಣು ಬಿಡಿಸಿ, ಅದು ಹುಟ್ಟಿದ ಜಾಗಕ್ಕೆ ಕೈ ಹಾಕಿ, ಕೆಳಮುಖವಾಗಿ ಹರಿದು ತೆಗೆಯಬೇಕು.

ಏಳು ಎಲೆ ಇದ್ದರೆ ಕಾಡು, ಐದು ಇದ್ದರೆ ಒಳ್ಳೆಯದು ಎಂದು ಬಹಳ ಜನ ಹೇಳುತ್ತಾರೆ. ಅದನ್ನು ನಂಬಿ ಕತ್ತರಿ ಹಿಡಿಯಬೇಡಿ. ಜವಾರಿ ಗುಲಾಬಿಯಲ್ಲೂ ಒಂದು ತೊಟ್ಟಿಗೆ ಏಳು ಎಲೆಗಳು ಬರುತ್ತವೆ. ಕಸಿಗೆ ಬಳಸುವ ಕಾಡುಗುಲಾಬಿಗಳಲ್ಲಿ ರೋಸಾ ಮಲ್ಟಿಫ್ಲೋರಾ ಎಂಬುದಿದೆ. ಎಲೆಯ ತೊಟ್ಟು ಕಾಂಡಕ್ಕೆ ಕೂಡುವಲ್ಲಿ ಅದಕ್ಕೆ ಸೀರೆಯ ಸೆರಗಿನ ಕುಚ್ಚಿನಂತೆ ಸಣ್ಣ ಸಣ್ಣ ಎಳೆಗಳಿರುತ್ತವೆ, ಅದು ಒಂದು ಗುರುತು. ಎಲ್ಲಕ್ಕಿಂತ ನೆಚ್ಚಿಕೆಯ ಗುರುತು ಬುಡ ಬಿಡಿಸಿ ಗಂಟು ಇದೆಯೋ ಇಲ್ಲವೋ ನೋಡುವುದು. ಗಂಟು ಇಲ್ಲದೆ ಒಂದೇ ಮೈಯಾಗಿ ಮಣ್ಣಿಗೆ ಇಳಿದಿದ್ದರೆ, ನಿಮ್ಮ ಗಿಡ ಸ್ವಂತ ಬೇರಿನದು. ಅದರ ಮರಿ ಅದರದೇ ಇನ್ನೊಂದು ಮೈ. ಅದೇ ಬಣ್ಣ, ಅದೇ ವಾಸನೆ, ಅದೇ ಮುಳ್ಳು.

ನನ್ನ ಅಂಗಳದ ಗಿಡ ಅಂಥದ್ದು. ತಿಳಿಗುಲಾಬಿ ಬಣ್ಣ, ಸಡಿಲವಾಗಿ ಒತ್ತಿಕೊಂಡ ಪಕಳೆಗಳು. ಬೆಳಿಗ್ಗೆ ಅರಳಿದ್ದು ಮರುದಿನ ಮಧ್ಯಾಹ್ನಕ್ಕೆ ಉದುರಲು ಶುರುವಾಗುತ್ತದೆ, ಹೂದಾನಿಗೆ ಒದಗುವ ಹೂವಲ್ಲ. ಆದರೆ ಒಂದು ಹೂವನ್ನು ದೇವರ ಜಗಲಿಯ ಮೇಲೆ ಇಟ್ಟರೆ ಅಡುಗೆಮನೆಯಲ್ಲಿ ನಿಂತವರಿಗೂ ಗೊತ್ತಾಗುತ್ತದೆ. ನನ್ನ ಅತ್ತೆ ಇದರ ಪಕಳೆಗಳನ್ನು ಸಕ್ಕರೆಯ ಜೊತೆ ಪದರ ಪದರವಾಗಿ ಗಾಜಿನ ಬರಣಿಗೆ ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಗುಲ್ಕಂದ ಮಾಡುತ್ತಿದ್ದರು. ಔಷಧ ಹೊಡೆದ ಪೇಟೆಯ ಹೂವಿನಿಂದ ಅದನ್ನು ಮಾಡಲು ನನಗೆ ಇಂದಿಗೂ ಧೈರ್ಯವಿಲ್ಲ.

ಅತ್ತೆಯ ತವರು ಗುಳೇದಗುಡ್ಡ, ನೇಕಾರರ ಮನೆ. 1957ರಲ್ಲಿ ಮದುವೆಯಾಗಿ ಹಳೆಯ ಬಾಗಲಕೋಟೆಯ ಕಿಲ್ಲೆ ಓಣಿಯ ಮನೆಗೆ ಬರುವಾಗ ಅವರ ತಾಯಿ ಉಡಿ ತುಂಬಿದರಂತೆ. ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು, ಜೊತೆಗೆ ಹಳೆಯ ಖಣವೊಂದನ್ನು ನೀರಿನಲ್ಲಿ ತೋಯಿಸಿ ಅದರಲ್ಲಿ ಸುತ್ತಿದ ಒಂದು ಗುಲಾಬಿಯ ಮರಿ. ಹೊಸ ಸೀರೆಯೆಲ್ಲ ಒದ್ದೆಯಾಯಿತೆಂದು ದಾರಿಯುದ್ದಕ್ಕೂ ಅತ್ತೆ ಅತ್ತಿದ್ದರಂತೆ. ಆ ಮರಿ ಕಿಲ್ಲೆಯ ಮನೆಯ ಹಿತ್ತಿಲಲ್ಲಿ ಬಾವಿಯ ಪಕ್ಕ ಬೇರು ಬಿಟ್ಟಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟ ಸುದ್ದಿ ಬಂದಾಗ ಗಿಡ ಹಿತ್ತಿಲ ಕಿಟಕಿಯನ್ನು ದಾಟಿ ಬೆಳೆದಿತ್ತು ಎಂದು ಅತ್ತೆ ಹೇಳುತ್ತಿದ್ದರು. ಆ ಅಣೆಕಟ್ಟಿನ ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಏರಿ ಒಂದು ದಿನ ತಮ್ಮ ಬಾವಿಯವರೆಗೂ ಬರುತ್ತದೆ ಎಂದು ಆಗ ಆ ಓಣಿಯಲ್ಲಿ ಯಾರೂ ಎಣಿಸಿರಲಿಲ್ಲ.

ನಾವು ಆ ಮನೆ ಬಿಟ್ಟದ್ದು 2001ರಲ್ಲಿ. ಮುಳುಗಡೆಯ ಮನೆಗಳನ್ನು ಜನ ಹೇಗೆ ಬಿಚ್ಚಿಕೊಂಡು ಹೋದರು ಎಂಬುದನ್ನು ನೋಡಿದವರು ಮರೆಯಲಾರರು. ಬಾಗಿಲು, ಚೌಕಟ್ಟು, ತೊಲೆ, ಜಂತಿ, ಒಲೆಯ ಕಲ್ಲು, ಹೊಸ್ತಿಲು ಎಲ್ಲವೂ ಟ್ರ್ಯಾಕ್ಟರ್ ಹತ್ತಿದವು. ಪರಿಹಾರಕ್ಕಾಗಿ ಮನೆ, ಬಾವಿ, ತೆಂಗು, ಬೇವು ಎಣಿಸಿ ಬರೆದುಕೊಂಡವರ ಹಾಳೆಯಲ್ಲಿ ಗುಲಾಬಿಗೆ ಜಾಗವಿರಲಿಲ್ಲ. ನಮಗೂ ಅದು ಕೊನೆಗೆ ನೆನಪಾಯಿತು. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿ ನಮ್ಮ ಮನೆಯವರು ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ, ಹಾರೆ ಹಾಕಿ, ನಲವತ್ತು ವರ್ಷಕ್ಕೂ ಹಳೆಯ ಆ ತಾಯಿಗಿಡವನ್ನೇ ಬುಡಸಮೇತ ಎಬ್ಬಿಸಿ, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ತಂದರು. ಮೇಲಿನ ಒಂದು ಕೊಂಬೆಯನ್ನೂ ಕತ್ತರಿಸಲಿಲ್ಲ, ಅತ್ತೆಗೆ ಬೇಸರವಾದೀತೆಂದು. ದಪ್ಪ ಬೇರುಗಳೆಲ್ಲ ಎರೆಮಣ್ಣಿನಲ್ಲಿ ಹರಿದು ಅಲ್ಲೇ ಉಳಿದಿದ್ದವು. ಇದ್ದ ತುಂಡುಬೇರುಗಳು ಅಷ್ಟು ಎಲೆಗಳಿಗೆ ಎಲ್ಲಿಂದ ನೀರು ಕೊಟ್ಟಾವು? ಎಂಟೇ ದಿನದಲ್ಲಿ ಗಿಡ ಕಟ್ಟಿಗೆಯಾಯಿತು. ಅತ್ತೆ ಅಂದು ಊಟ ಮಾಡಲಿಲ್ಲ.

ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದಾಗ ಅತ್ತೆ ಎದ್ದು ಕುಳಿತು, "ತಾಯಿ ಬರಲಿಲ್ಲ, ಮಕ್ಕಳಾದರೂ ಎದ್ದಿರಬೇಕು, ನೋಡಿ ಬರೋಣ ನಡೆಯಿರಿ" ಎಂದರು. ನಮಗ್ಯಾರಿಗೂ ನಂಬಿಕೆ ಇರಲಿಲ್ಲ. ಹೋಗಿ ನೋಡಿದರೆ, ಮಾಳಿಗೆ ಇಲ್ಲದ, ಬಾಗಿಲಿಲ್ಲದ ಆ ಮನೆಯ ಹಿತ್ತಿಲಲ್ಲಿ, ನಾವು ತೋಡಿದ ಕುಣಿಯ ಸುತ್ತ ಏಳು ಮರಿಗಳು ಎದ್ದಿದ್ದವು. ಗೇಣುದ್ದದ, ಕೆಂಪು ಕಾಂಡದ, ಇನ್ನೂ ಮುಳ್ಳು ಬಲಿಯದ ಮರಿಗಳು. ಹರಿದು ನೆಲದಲ್ಲಿ ಉಳಿದ ಬೇರಿನ ತುಂಡುಗಳೇ ಮಳೆಯ ತಂಪಿಗೆ ಚಿಗುರು ಒಡೆದಿದ್ದವು. ಅತ್ತೆ ಸಲಿಕೆಯನ್ನು ಯಾರ ಕೈಗೂ ಕೊಡಲಿಲ್ಲ. ಒಡೆದ ಕಟ್ಟೆಯ ಮೇಲೆ ಕುಳಿತು, ಬಾಗಿ, ಎರಡು ಬೆರಳಿನಿಂದ ಮಣ್ಣನ್ನು ಕೆರೆದು ಒಂದೊಂದರ ಬೇರು ಎಲ್ಲಿಗೆ ಹೋಗಿದೆ ಎಂದು ತಡವಿ ನೋಡಿದರು. ಮೂರನ್ನು ಆರಿಸಿಕೊಂಡರು. ಉಳಿದ ನಾಲ್ಕಕ್ಕೆ ಇನ್ನೂ ತಮ್ಮದೇ ಬೇರು ಬಂದಿಲ್ಲ, ಬೇಡ ಎಂದರು. ಮೂರರಲ್ಲಿ ಎರಡು ನವನಗರದ ಕಲ್ಲು ಗರಸಿನ ನೆಲದಲ್ಲಿ ಜೀವ ಹಿಡಿದವು. ಆ ನಾಲ್ಕರ ಮೇಲೆ ಆಮೇಲೆ ನೀರು ನಿಂತಿತು.

ಅಂದು ಅತ್ತೆ ಮಾಡಿದ್ದನ್ನು ನೋಡಿ ಕಲಿತದ್ದು, ಆಮೇಲೆ ಇಪ್ಪತ್ತು ವರ್ಷ ಮರಿ ಎಬ್ಬಿಸಿ ಹಂಚಿ, ಕೆಲವನ್ನು ಕೊಂದು ನಾನೇ ತಿಳಿದುಕೊಂಡದ್ದು ಎರಡನ್ನೂ ಬರೆಯುತ್ತೇನೆ.

ಮರಿ ಪೆನ್ಸಿಲ್ ದಪ್ಪ ಆಗಿರಬೇಕು, ಕಾಂಡ ಸ್ವಲ್ಪ ಬಲಿತಿರಬೇಕು. ಉಗುರು ಒತ್ತಿದರೆ ರಸ ಬರುವಷ್ಟು ಎಳೆಯದನ್ನು ಕಿತ್ತರೆ ಸಂಜೆಯೊಳಗೆ ಬಾಡುತ್ತದೆ. ಹಿಂದಿನ ಸಂಜೆ ಬುಡಕ್ಕೆ ಚೆನ್ನಾಗಿ ನೀರು ಹಾಯಿಸಿ. ಬೆಳಗಿನ ತಂಪಿನಲ್ಲಿ ಮರಿಯ ಸುತ್ತಲಿನ ಮಣ್ಣನ್ನು ಕೈಯಿಂದ ಬಿಡಿಸಿ. ಒಳಗೆ ತಾಯಿಯ ಕಡೆಯಿಂದ ಮಲಗಿ ಬಂದ ಬಳ್ಳಿಬೇರು ಕಾಣುತ್ತದೆ. ಅದರಿಂದ ಕೆಳಗಿಳಿದ ಮರಿಬೇರುಗಳು ಕಂಡರೆ ಮಾತ್ರ ಮುಂದಿನ ಕೆಲಸ. ಮರಿಯ ಜೊತೆ ಗೇಣುದ್ದ ಬಳ್ಳಿಬೇರನ್ನು ಉಳಿಸಿಕೊಂಡು ತಾಯಿಯ ಕಡೆ ಹರಿತವಾದ ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿ, ಎಳೆದು ಹರಿಯಬೇಡಿ. ಮಣ್ಣಿನ ಹೆಂಟೆ ಸಮೇತ ಎತ್ತಿ ಒದ್ದೆ ಗೋಣಿಗೆ ಹಾಕಿ. ಗುಲಾಬಿಯ ಎಳೆಬೇರು ಗಾಳಿ ತಾಗಿದರೆ ನಿಮಿಷಗಳಲ್ಲಿ ಒಣಗುತ್ತದೆ. ನಮ್ಮ ಸೀಮೆಯ ಗಾಳಿಯಂತೂ ಗೊತ್ತೇ ಇದೆ.

ಇನ್ನು ಎಲ್ಲರೂ ಹಿಂಜರಿಯುವ ಕೆಲಸ. ಮರಿಯ ಮೇಲ್ಭಾಗವನ್ನು ಗೇಣುದ್ದಕ್ಕೆ, ಮೂರು ನಾಲ್ಕು ಕಣ್ಣು ಉಳಿಯುವಷ್ಟಕ್ಕೆ ಕತ್ತರಿಸಲೇಬೇಕು. ಎಷ್ಟು ಚೆಂದದ ಚಿಗುರಿದ್ದರೂ, ಮೊಗ್ಗೇ ಇದ್ದರೂ ಬಿಡಬಾರದು. ಬೇರು ಕಡಿಮೆಯಾದಾಗ ಎಲೆಯನ್ನೂ ಕಡಿಮೆ ಮಾಡದಿದ್ದರೆ ನಮ್ಮ ತಾಯಿಗಿಡಕ್ಕೆ ಆದದ್ದೇ ಇದಕ್ಕೂ ಆಗುತ್ತದೆ. ಪಕ್ಕದ ಮನೆಯವರು ಕೊಟ್ಟ ಮರಿ ಹತ್ತಲಿಲ್ಲ ಎಂದು ಬಂದು ಹೇಳಿದ ಹತ್ತು ಜನರಲ್ಲಿ ಎಂಟು ಜನ ಮೇಲೆ ಕತ್ತರಿಸಿರುವುದೇ ಇಲ್ಲ. ಅವರ ಕೈಗುಣ ಕೆಟ್ಟದ್ದಲ್ಲ, ಮನಸ್ಸು ಮೃದು.

ಕುಣಿ ಒಂದೂವರೆ ಅಡಿ ಉದ್ದ, ಅಗಲ, ಆಳ ಇರಲಿ, ಎರಡು ದಿನ ಮೊದಲೇ ತೋಡಿ ಇಟ್ಟರೆ ಒಳ್ಳೆಯದು. ಎರೆಭೂಮಿಯವರು ಇಲ್ಲಿ ಎಚ್ಚರ ವಹಿಸಬೇಕು. ಎರೆ ಮಳೆಗಾಲದಲ್ಲಿ ನೀರು ಕಟ್ಟಿಕೊಂಡು ಬೇರನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಅದೇ ಬೇರನ್ನು ಹರಿಯುತ್ತದೆ. ತೆಗೆದ ಮಣ್ಣಿನ ಅರ್ಧವನ್ನಷ್ಟೇ ಮರಳಿ ತುಂಬಿ, ಉಳಿದದ್ದಕ್ಕೆ ಮಸಾರಿ (ಕೆಂಪು) ಮಣ್ಣು ಅಥವಾ ಸಣ್ಣ ಗರಸು, ಪೂರ್ತಿ ಕಳಿತ ತಿಪ್ಪೆಗೊಬ್ಬರ ಸೇರಿಸಿ, ಕುಣಿಯ ಬಾಯಿಯನ್ನು ನೆಲಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ಏರಿಸಿ. ನವನಗರದಂಥ ಗರಸಿನ ನೆಲದಲ್ಲಿ ಇದಕ್ಕೆ ತಿರುಗಾಮುರುಗಾ, ಕೆರೆಮಣ್ಣು ತಂದು ಹಾಕಬೇಕು. ಗೆದ್ದಲಿನ ಕಾಟವಿದ್ದರೆ ಒಂದು ಮುಷ್ಟಿ ಬೇವಿನ ಹಿಂಡಿ. ಹಸಿ ಸಗಣಿ, ರಸಗೊಬ್ಬರ ಯಾವುದೂ ಈಗ ಬೇಡ. ಬೇರಿಲ್ಲದವನಿಗೆ ಹಬ್ಬದೂಟ ಬಡಿಸಿದಂತೆ ಆಗುತ್ತದೆ, ಹೊಸ ಎಲೆ ಬಲಿಯುವವರೆಗೂ ಕಾಯಿರಿ.

ಮರಿ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಇಟ್ಟು, ಬಳ್ಳಿಬೇರನ್ನು ಮಡಚದೆ ಅದು ಮಲಗಿದ್ದಂತೆಯೇ ಮಲಗಿಸಿ, ಮಣ್ಣು ಮುಚ್ಚಿ ಅಂಗೈಯಿಂದ ಒತ್ತಿ. ಕಾಲಿನಿಂದ ತುಳಿಯಬೇಡಿ. ಮೊದಲ ದಿನ ಎರಡು ಕೊಡ ನೀರು ನಿಧಾನವಾಗಿ ಕುಡಿಸಿ, ಆಮೇಲೆ ಬೆರಳು ಇಳಿಸಿ ನೋಡಿ ಒಂದು ಅಂಗುಲ ಒಣಗಿದ್ದರೆ ಮಾತ್ರ ಹಾಕಿ. ಸವಳು ನೀರಿನ ಬೋರ್‌ವೆಲ್ ಇದ್ದವರು ಮೊದಲ ತಿಂಗಳಾದರೂ ನಲ್ಲಿಯ ಅಥವಾ ಮಳೆಯ ನೀರು ಹಾಕಿದರೆ ಎಲೆ ಹಳದಿಯಾಗುವುದು ತಪ್ಪುತ್ತದೆ. ಪಶ್ಚಿಮಕ್ಕೆ ಮತ್ತು ದಕ್ಷಿಣಕ್ಕೆ ತೊಗರಿ ಕಟ್ಟಿಗೆ ನಾಲ್ಕು ಚುಚ್ಚಿ ನೆರಳು ಮಾಡಿ. ಅತ್ತೆ ಹಳೆಯ ಬುಟ್ಟಿ ಕವುಚಿ ಇಡುತ್ತಿದ್ದರು, ಸಂಜೆ ತೆಗೆಯುತ್ತಿದ್ದರು, ಬೆಳಿಗ್ಗೆ ಮತ್ತೆ ಕವುಚುತ್ತಿದ್ದರು. ಮೂರು ವಾರ ಇದು ನಡೆಯಬೇಕು.

ನೆಟ್ಟ ನಾಲ್ಕೈದು ದಿನಕ್ಕೆ ಉಳಿದ ಎಲೆಗಳೂ ಉದುರುತ್ತವೆ. ಅಷ್ಟಕ್ಕೇ ಸತ್ತಿತೆಂದು ಕೀಳಬೇಡಿ. ಕಾಂಡದ ಸಿಪ್ಪೆಯನ್ನು ಉಗುರಿನ ತುದಿಯಿಂದ ಸಾಸಿವೆಯಷ್ಟು ಕೆರೆದು ನೋಡಿ. ಕೆಳಗೆ ಹಸಿರಿದ್ದರೆ ಜೀವವಿದೆ. ಕಣ್ಣುಗಳು ಮೊದಲು ಅಕ್ಕಿಕಾಳಿನಷ್ಟು ಕೆಂಪಗೆ ಉಬ್ಬುತ್ತವೆ, ವಾರ ಕಳೆದ ಮೇಲೆ ಬಾಯಿ ಬಿಡುತ್ತವೆ. ಆ ಕೆಂಪನ್ನು ಮೊದಲ ಸಲ ನೋಡಿದ ದಿನ ನಾನು ಇಂದಿಗೂ ಮನೆಯಲ್ಲಿ ಎಲ್ಲರನ್ನೂ ಕರೆದು ತೋರಿಸುತ್ತೇನೆ. ಮೊದಲ ಮೊಗ್ಗು ಬಂದರೆ ಚಿವುಟಿ ಹಾಕಿ, ಬೇರಿಗೆ ಬಲ ಬರಲಿ.

ಬೇರಿಲ್ಲದ ಮರಿಗೆ ಬೇರೆ ಉಪಾಯವಿದೆ. ಶ್ರಾವಣದಲ್ಲಿ ತಾಯಿಗೂ ಮರಿಗೂ ನಡುವೆ ಸಲಿಕೆಯನ್ನು ನೇರವಾಗಿ ಒಂದೇ ಸಲ ಇಳಿಸಿ ಬಳ್ಳಿಬೇರನ್ನು ಕಡಿದು, ಮರಿಯನ್ನು ಇದ್ದ ಜಾಗದಲ್ಲೇ ಬಿಟ್ಟುಬಿಡಿ. ಬುಡಕ್ಕೆ ಎರಡು ಬೊಗಸೆ ಮಣ್ಣು ಏರಿಸಿ. ತಾಯಿಯ ಹಾಲು ನಿಂತ ಮೇಲೆ ಅದು ತನ್ನ ಬೇರನ್ನು ತಾನೇ ಹುಡುಕಿಕೊಳ್ಳುತ್ತದೆ. ದೀಪಾವಳಿ ದಾಟಿದ ಮೇಲೆ ಎಬ್ಬಿಸಿದರೆ ಕೈತುಂಬ ಬೇರು ಬಂದಿರುತ್ತದೆ. ಇದೇ ನನಗೆ ಅತಿ ಹೆಚ್ಚು ಫಲ ಕೊಟ್ಟ ದಾರಿ. ಪಂಚಮಿಯ ದಿನ ನೆಲ ಅಗೆಯಬಾರದೆಂದು ಅತ್ತೆ ಸಲಿಕೆ ಮುಟ್ಟಲು ಬಿಡುತ್ತಿರಲಿಲ್ಲ, ನಾನೂ ಅಂದು ಮುಟ್ಟುವುದಿಲ್ಲ.

ಕಾಲದ ಬಗ್ಗೆ ಹೇಳುವುದಾದರೆ, ನಮ್ಮ ಜಿಲ್ಲೆಗಳಿಗೆ ಆರಿದ್ರಾದಿಂದ ಶ್ರಾವಣದವರೆಗಿನ ಮೋಡ ಮುಸುಕಿದ ದಿನಗಳು ಒಂದು, ಹಿಂಗಾರಿ ಮಳೆ ಮುಗಿದು ಚಳಿ ಶುರುವಾಗುವ ಕಾರ್ತಿಕ, ಮಾರ್ಗಶಿರ ಇನ್ನೊಂದು. ಬಾಗಲಕೋಟೆಯಲ್ಲಿ ಹೋಳಿಯ ಹಲಗೆ ಕೇಳಿಸಿತೆಂದರೆ ಮರಿ ಎಬ್ಬಿಸುವ ಕಾಲ ಮುಗಿಯಿತು, ಇನ್ನು ಮಳೆಯವರೆಗೆ ಕೈ ಕಟ್ಟಿಕೊಂಡು ಇರಬೇಕು.

ಎಲ್ಲ ಮರಿಗಳನ್ನೂ ತೆಗೆಯಬಾರದು. ಸ್ವಂತ ಬೇರಿನ ಗಿಡದಲ್ಲಿ ಹಳೆಯ ಕಾಂಡ ಒಣಗಿದಂತೆ ಅದರ ಜಾಗಕ್ಕೆ ಬರುವುದು ಇವೇ. ಬುಡಕ್ಕೆ ಹತ್ತಿರ ಇದ್ದವನ್ನು ತಾಯಿಗೆ ಬಿಟ್ಟು, ಮೊಳಕ್ಕಿಂತ ದೂರ ಓಡಿದವನ್ನು ಹಂಚಿ. ಬೇರಿನ ಮೇಲೆ ಹೂಕೋಸಿನಂತೆ ಒರಟು ಗಂಟುಗಳಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ರೋಗ. ಅಂಥ ಗಿಡದ ಮರಿಯನ್ನು ಎಷ್ಟೇ ಪ್ರೀತಿಯಿದ್ದರೂ ಯಾರಿಗೂ ಕೊಡಬಾರದು, ಆ ಕತ್ತರಿಯನ್ನು ತೊಳೆಯದೆ ಇನ್ನೊಂದು ಗಿಡಕ್ಕೆ ತಾಗಿಸಲೂ ಬಾರದು.

ಜರ್ಮನಿಯ ಹಿಲ್ಡೆಸ್‌ಹೈಮ್ ಎಂಬ ಊರಿನ ದೊಡ್ಡ ಚರ್ಚಿನ ಗೋಡೆಗೆ ಬಹು ಹಳೆಯ ಕಾಡುಗುಲಾಬಿಯೊಂದು ಹಬ್ಬಿದೆ. ಸಾವಿರ ವರ್ಷದ ಗುಲಾಬಿ ಎಂದೇ ಅದನ್ನು ಕರೆಯುತ್ತಾರೆ. 1945ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಚರ್ಚು ಕುಸಿದು ಗಿಡ ಸುಟ್ಟು ಹೋಯಿತು. ಕಲ್ಲುಮಣ್ಣಿನ ರಾಶಿಯ ಕೆಳಗೆ ಬೇರು ಉಳಿದಿತ್ತು, ಅದರಿಂದ ಹೊಸ ಕುಡಿಗಳು ಎದ್ದವು, ಮುಂದೆ ಹೂವೂ ಬಿಟ್ಟಿತು. ಇದನ್ನು ಎಲ್ಲೋ ಓದಿದಾಗ ನನಗೆ ಕಣ್ಣೆದುರು ಬಂದದ್ದು ಕಿಲ್ಲೆಯ ಹಿತ್ತಿಲ ಕುಣಿಯ ಸುತ್ತ ಎದ್ದ ಏಳು ಮರಿಗಳು. ನಮ್ಮದರ ಮೇಲೆ ಬಿದ್ದದ್ದು ಬಾಂಬಲ್ಲ, ನೀರು. ನೀರಿನ ಕೆಳಗಿನಿಂದ ಯಾವ ಬೇರೂ ಮೇಲೆ ಏಳುವುದಿಲ್ಲ.

ಈಗ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಏರಿದರೆ ಇನ್ನೂ ಅನೇಕ ಹಳ್ಳಿಗಳ ಜನ ಮನೆ ಬಿಚ್ಚಿಕೊಂಡು ಏಳಬೇಕು. ಪರಿಹಾರ, ನಿವೇಶನಗಳ ಬಗ್ಗೆ ಬರೆಯಲು ನನಗಿಂತ ತಿಳಿದವರಿದ್ದಾರೆ. ನಾನು ಆ ಹಳ್ಳಿಗಳ ಅಕ್ಕತಂಗಿಯರಿಗೆ ಒಂದೇ ಮಾತು ಹೇಳಬೇಕಾಗಿದೆ. ನಿಮ್ಮ ಹಿತ್ತಿಲಲ್ಲಿ ಅತ್ತೆಯೋ ಅಜ್ಜಿಯೋ ನೆಟ್ಟ ಗುಲಾಬಿ ಇದ್ದರೆ ಕೊನೆಯ ತಿಂಗಳವರೆಗೆ ಕಾಯಬೇಡಿ, ಟ್ರ್ಯಾಕ್ಟರ್ ಬಂದು ನಿಂತ ದಿನ ಹಾರೆ ಹಾಕಬೇಡಿ. ಈ ಶ್ರಾವಣದಲ್ಲೇ ಸಲಿಕೆ ಇಳಿಸಿ ಮರಿಯನ್ನು ತಾಯಿಯಿಂದ ಬೇರೆ ಮಾಡಿ ಇಡಿ. ದೀಪಾವಳಿಯ ನಂತರ ಎಬ್ಬಿಸಿ, ಬೇರೆ ಊರಿನಲ್ಲಿರುವ ಮಗಳ ಮನೆಗೋ ತಂಗಿಯ ಮನೆಗೋ ಒಂದು, ನಿಮ್ಮ ಹೊಸ ನಿವೇಶನಕ್ಕೆ ಒಂದು ಎಂದು ಎರಡು ಕಡೆ ನೆಡಿ. ಒಂದು ಕಡೆ ಹೋದರೂ ಇನ್ನೊಂದು ಕಡೆ ಉಳಿಯುತ್ತದೆ. ಎರಡು ವರ್ಷದಲ್ಲಿ ಅಲ್ಲಿಯೂ ಮರಿ ಏಳುತ್ತವೆ.

ನಮ್ಮ ಊರಿನಲ್ಲೇ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಬೆಳಗಾವಿ ಜಿಲ್ಲೆಯ ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ. ಅಲ್ಲಿನ ಹಿರಿಯರಲ್ಲಿ ನನ್ನ ವಿನಂತಿ: ಮುಳುಗಡೆಯ ಹಳ್ಳಿಗಳ ಜವಾರಿ ಗುಲಾಬಿಗಳಿಗೆ ಒಂದು ಮಡಿಯನ್ನು ಮೀಸಲಿಡಿ. ಹುಡುಗರನ್ನು ಆ ಹಳ್ಳಿಗಳಿಗೆ ಕಳಿಸಿ, ಮನೆಗೊಂದು ಮರಿ ತರಿಸಿ, ಪ್ರತಿಯೊಂದರ ಮುಂದೆ ಊರಿನ ಹೆಸರು ಬರೆದ ಹಲಗೆ ಹಾಕಿ. ನಾಳೆ ಊರು ಇಲ್ಲವಾದ ಮೇಲೂ ಆ ಊರಿನವರು ಬಂದು ತಮ್ಮ ಹಿತ್ತಿಲ ಹೂವಿನ ವಾಸನೆ ನೋಡುವಂತಾಗಲಿ. ದೊಡ್ಡ ಖರ್ಚಿನ ಕೆಲಸವಲ್ಲ, ಒದ್ದೆ ಗೋಣಿ ಮತ್ತು ಒಂದು ಮಳೆಗಾಲ ಸಾಕು.

ನಿಮ್ಮಲ್ಲಿ ಕೇಳುವುದಿಷ್ಟೇ. ಮುಂದಿನ ಪುರವಣಿಯಲ್ಲಿ ಎರಡೇ ಸಾಲು ಹಾಕಿ: ಕಸಿ ಗಿಡವಾದರೆ ಗಂಟಿನ ಕೆಳಗಿನ ಕುಡಿಯನ್ನು ತೆಗೆಯಿರಿ, ಸ್ವಂತ ಬೇರಿನ ಜವಾರಿ ಗಿಡವಾದರೆ ಮರಿಯನ್ನು ಎಬ್ಬಿಸಿ ನೆಡಿ.

ಪಕ್ಕದ ಮನೆಯ ಹುಡುಗಿ ಬುಧವಾರ ಸಂಜೆ ಬಂದಿದ್ದಳು. ಬೇರಿದ್ದ ಎರಡು ಮರಿಗಳನ್ನು ಅವಳ ಕೈಯಿಂದಲೇ ಗೇಣುದ್ದಕ್ಕೆ ಕತ್ತರಿಸಿ ಕುಣಿಗೆ ಇಳಿಸಿದೆವು. ಬೇರಿಲ್ಲದ ಮೂರನ್ನು ಒಡೆದ ಕೊಡದಲ್ಲಿ ಉಸುಕು ತುಂಬಿ ಚುಚ್ಚಿಟ್ಟಿದ್ದೇನೆ, ಒಂದಾದರೂ ಬೇರು ಬಿಟ್ಟೀತು. ಅತ್ತೆಯ ಹಳೆಯ ಬುಟ್ಟಿ ಗೆದ್ದಲು ಹಿಡಿದು ಹೋಗಿದೆ, ಅವಳು ತನ್ನ ಮನೆಯಿಂದ ಹೊಸ ಬುಟ್ಟಿ ತಂದು ಕವುಚಿದಳು. ಇಂದು ಬೆಳಿಗ್ಗೆ ಅದನ್ನು ಎತ್ತಿ ನೋಡಿದೆ. ಒಂದರ ಎಲೆ ಉದುರಿದೆ, ಸಿಪ್ಪೆ ಕೆರೆದರೆ ಒಳಗೆ ಹಸಿರಿದೆ.

ನಿವೃತ್ತ ಶಾಲಾ ಶಿಕ್ಷಕಿ,
ನವನಗರ, ಬಾಗಲಕೋಟೆ